ಗ್ರ್ಯಾಂಡ್ ಕ್ಯಾರವಾನ್: ಸಿಗ್ನಲ್‌ನಲ್ಲಿ ಆಯಿಲ್ ದೀಪ ಮಿಣುಕುತ್ತದೆ, ಸೆನ್ಸರ್ ನಾನೇ ಬದಲಿಸಬಹುದಾ?

ಬೆಣ್ಣೆದೋಸೆ_ಮಿಶಿಗನ್ (ಭಾನುವಾರ)

ಎಲ್ಲರಿಗೂ ನಮಸ್ಕಾರ. ನಮ್ಮದು 2005ರ ಡಾಡ್ಜ್ ಗ್ರ್ಯಾಂಡ್ ಕ್ಯಾರವಾನ್, 3.3 ಲೀಟರ್ ವಿ6. ಓಡಿದ್ದು 1,62,000 ಮೈಲಿ. ನಡುವಿನ ಸೀಟೂ ಹಿಂದಿನ ಸೀಟೂ ನೆಲದೊಳಗೆ ಮಡಚಿಕೊಳ್ಳುತ್ತವೆ ಅಂತಲೇ ತಗೊಂಡ ಗಾಡಿ. ಮಕ್ಕಳ ಸೈಕಲ್ಲಿಂದ ಹಿಡಿದು ಯುಗಾದಿ ಹೋಳಿಗೆ ಡಬ್ಬಿವರೆಗೆ ಎಲ್ಲವನ್ನೂ ಹೊತ್ತಿದೆ.

ಎರಡು ವಾರದಿಂದ ಒಂದು ಕಾಟ. ಗಾಡಿ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಡ್ಯಾಶ್‌ನಲ್ಲಿ ಕೆಂಪು ಎಣ್ಣೆ ಗಿಂಡಿ ದೀಪ ಮಿಣ್ ಮಿಣ್ ಅನ್ನುತ್ತದೆ, ಜೊತೆಗೆ ಟಿಂಗ್ ಸದ್ದು. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಮಾಯ. ಬೆಳಿಗ್ಗೆ ತಣ್ಣಗಿರುವಾಗ ಏನೂ ಇಲ್ಲ. ಗಾಡಿ ನಿಲ್ಲಿಸುವ ಜಾಗದಲ್ಲಿ ರಟ್ಟು ಹಾಸಿದ್ದೆ, ಅದರ ಮೇಲೆ ದಿನಕ್ಕೆ ನಾಲ್ಕೈದು ಹನಿ ಎಣ್ಣೆ ಬೀಳುತ್ತಿದೆ.

ಹತ್ತಿರದ ಗ್ಯಾರೇಜಿನಲ್ಲಿ ಕೇಳಿದೆ. ನೋಡದೇನೇ "ಸೆನ್ಸರ್, 190 ಡಾಲರ್" ಅಂದರು. ಅಂಗಡಿಯಲ್ಲಿ ಅದೇ ಸೆನ್ಸರ್ 14 ಡಾಲರ್. ನಾನು ಮಾಡಿದ ದೊಡ್ಡ ರಿಪೇರಿ ಅಂದರೆ ವೈಪರ್ ಬ್ಲೇಡ್. ಧೈರ್ಯ ಮಾಡಲಾ?

ಪಾನಾ_ಹುಬ್ಬಳ್ಳಿ

ಮಾಡ್ರಿ ಸರ್, ಆದರೆ ಇವತ್ತೇ ಅಲ್ಲ. 22 ವರ್ಷದಿಂದ ಪಾನಾ ಹಿಡಿದವನು ಹೇಳುತ್ತೇನೆ. ಕೆಂಪು ದೀಪ ಬಂದ ಕೂಡಲೇ "ಸೆನ್ಸರ್ ಹೋಗಿದೆ" ಅನ್ನುವುದು, ಜ್ವರ ಬಂದಾಗ ಥರ್ಮಾಮೀಟರ್ ಕೆಟ್ಟಿದೆ ಅಂದ ಹಾಗೆ. ಕೆಲವೊಮ್ಮೆ ನಿಜಕ್ಕೂ ಥರ್ಮಾಮೀಟರೇ ಕೆಟ್ಟಿರುತ್ತದೆ. ಆದರೆ ಅದನ್ನು ಕೊನೆಗೆ ಹೇಳಬೇಕು.

ಆ ದೀಪ ಎಣ್ಣೆ ಎಷ್ಟಿದೆ ಅಂತ ಹೇಳುವುದಲ್ಲ, ಎಣ್ಣೆಯ ಒತ್ತಡ ಬಿದ್ದಿದೆ ಅಂತ ಹೇಳುವುದು. ಪಂಪ್ ಓಡುವುದು ಇಂಜಿನ್ ಜೊತೆ. ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ, ಇಂಜಿನ್ ನಿಧಾನ, ಪಂಪೂ ನಿಧಾನ. ಬಿಸಿ ಎಣ್ಣೆ ತೆಳು. ಕ್ರ್ಯಾಂಕ್ ಬೇರಿಂಗ್ (ಇಂಜಿನ್‌ನ ಮುಖ್ಯ ದಂಡ ತಿರುಗುವ ಆಸರೆ) ಸವೆದಿದ್ದರೆ ಆ ತೆಳು ಎಣ್ಣೆ ಸಂದಿಯಲ್ಲಿ ಸರಾಗ ಹರಿದುಹೋಗುತ್ತದೆ, ಒತ್ತಡ ನಿಲ್ಲುವುದಿಲ್ಲ. ನೀವು ಹೇಳಿದ ಲಕ್ಷಣ, ಬಿಸಿಯಲ್ಲಿ ನಿಂತಾಗ ಮಾತ್ರ ಮಿಣುಕುವುದು, ಬೇರಿಂಗ್ ಹೋದಾಗಲೂ ಹೀಗೇ ಇರುತ್ತದೆ. ಹೆದರಿಸುತ್ತಿಲ್ಲ, ಮೊದಲು ಗೇಜ್ ಕಡ್ಡಿ ಎಳೆದು ನೋಡ್ರಿ. ಗಾಡಿ ಸಮತಟ್ಟು ಜಾಗದಲ್ಲಿರಲಿ, ಇಂಜಿನ್ ಆಫ್ ಮಾಡಿ ಐದು ನಿಮಿಷ ಬಿಡ್ರಿ, ಕಡ್ಡಿ ಒರೆಸಿ ಮತ್ತೆ ಹಾಕಿ ನೋಡ್ರಿ.

ಓಡಿಸುವಾಗ ದೀಪ ಮಿಣುಕದೆ ಹತ್ತಿಯೇ ನಿಂತರೆ, ಮನೆ ಎರಡೇ ಕಿಲೋಮೀಟರ್ ಇದ್ದರೂ ಬದಿಗೆ ಹಾಕಿ ಆಫ್ ಮಾಡಿ. ಅಲ್ಲಿಂದ ಟೋ.

ಬೆಣ್ಣೆದೋಸೆ_ಮಿಶಿಗನ್

ನೋಡಿದೆ ಅಣ್ಣಾ. ನಾಚಿಕೆ ಆಗುತ್ತದೆ, ಎಣ್ಣೆ ಕೆಳಗಿನ ಗುರುತಿಗಿಂತ ಸ್ವಲ್ಪ ಕೆಳಗೇ ಇತ್ತು. ಎಣ್ಣೆ ಹಾಕುವ ಮುಚ್ಚಳದ ಮೇಲೆ ಬರೆದ ಗ್ರೇಡನ್ನೇ ತಂದು ಒಂದು ಕ್ವಾರ್ಟ್ (ಸುಮಾರು ಒಂದು ಲೀಟರ್) ಹಾಕಿದೆ, ಮೇಲಿನ ಗುರುತಿಗೆ ಬಂತು. ಒಂದು ಸುತ್ತು ಹೋಗಿ ಬಂದೆ. ಮಿಣುಕುವುದು ಕಮ್ಮಿ ಆಗಿದೆ, ಪೂರ್ತಿ ನಿಂತಿಲ್ಲ.

ಶಿರಸಿ_ಆಮ್ನಿ

ಕಡ್ಡಿ ಎಳೆದು ನೋಡಿದಿರಲ್ಲ, ನೀವು ನನಗಿಂತ ಜಾಣರು.

ನನ್ನದು 2009ರ ಆಮ್ನಿ. ದೇವಿಮನೆ ಘಾಟಿ ಇಳಿಯುವಾಗ ತಿರುವಿನಲ್ಲಿ ಮಾತ್ರ ಆಯಿಲ್ ದೀಪ ಹತ್ತುತ್ತಿತ್ತು. ನೇರ ರಸ್ತೆಗೆ ಬಂದರೆ ಆರುತ್ತಿತ್ತು. "ವೈರ್ ಲೂಸ್ ಇರಬೇಕು, ಅಲುಗಾಡಿದಾಗ ತಾಗುತ್ತೆ" ಅಂದುಕೊಂಡೆ. ಸ್ವಿಚ್ ತಂದು ಹಾಕಿದೆ. ದೀಪ ಮತ್ತೆ ಹತ್ತಿತು. "ಡೂಪ್ಲಿಕೇಟ್ ಸ್ವಿಚ್ ಕೊಟ್ಟಿದ್ದಾನೆ" ಅಂತ ಅಂಗಡಿಯವನಿಗೆ ಬೈದು ಇನ್ನೊಂದು ತಂದೆ. ಎರಡೂ ಸ್ವಿಚ್ ಸರಿಯಾಗಿಯೇ ಇದ್ದವು. ಎಣ್ಣೆ ತಳದಲ್ಲಿ ಒಂದಿಷ್ಟು ಮಾತ್ರ ಉಳಿದಿತ್ತು. ತಿರುವಿನಲ್ಲಿ ಅದು ಚೇಂಬರಿನ ಒಂದು ಪಕ್ಕಕ್ಕೆ ವಾಲಿದಾಗ ಪಂಪಿನ ಜಾಲರಿ ಗಾಳಿ ಎಳೆಯುತ್ತಿತ್ತು, ದೀಪ ನಿಜವನ್ನೇ ಹೇಳುತ್ತಿತ್ತು.

ಮೂರನೇ ವಾರ ಸೀಟಿನ ಕೆಳಗೆ ಕಟಕಟ ಶುರುವಾಯಿತು. ಆಮ್ನಿಯಲ್ಲಿ ಇಂಜಿನ್ ನಮ್ಮ ಕುಂಡೆ ಕೆಳಗೇ ಇರುತ್ತದಲ್ಲ, ಸದ್ದು ಕಿವಿಗೆ ಬರುವ ಮೊದಲು ಬೆನ್ನಿಗೆ ಗೊತ್ತಾಯಿತು. ಹಾಫ್ ಇಂಜಿನ್ ಕೆಲಸ ಮಾಡಿಸಬೇಕಾಯಿತು. ಆ ಅಂಗಡಿಯವನ ಮುಖ ನೋಡಲು ಈಗಲೂ ಆಗಲ್ಲ.

ಮೇಷ್ಟ್ರು_ಮಂಡ್ಯ

ಒಂದು ಹೆಸರಿನ ಗೊಂದಲ ಬಗೆಹರಿಸಿಕೊಳ್ಳಿ. 2005ರ 3.3 ಇಂಜಿನ್‌ನಲ್ಲಿ ಇರುವುದು ಸೆನ್ಸರ್ ಅಲ್ಲ, ಸ್ವಿಚ್. ಎಲ್ಲರೂ ಸೆನ್ಸರ್ ಅನ್ನುತ್ತಾರೆ, ಇರಲಿ. ಒಳಗೆ ಒಂದು ತೆಳು ಪರದೆ, ಒಂದು ಸ್ಪ್ರಿಂಗು, ಎರಡು ಕಾಂಟ್ಯಾಕ್ಟು. ಒತ್ತಡ ಇಲ್ಲದಿದ್ದರೆ ಸ್ಪ್ರಿಂಗ್ ಕಾಂಟ್ಯಾಕ್ಟುಗಳನ್ನು ಕೂಡಿಸಿರುತ್ತದೆ, ವೈರು ಬಾಡಿಗೆ ಅರ್ಥ್ ಆಗುತ್ತದೆ, ದೀಪ ಹತ್ತುತ್ತದೆ. ಎಣ್ಣೆ ಒತ್ತಡ ಬಂದು ಪರದೆಯನ್ನು ತಳ್ಳಿದರೆ ಕಾಂಟ್ಯಾಕ್ಟು ಬಿಡುತ್ತದೆ, ದೀಪ ಆರುತ್ತದೆ. ಅಡುಗೆಮನೆ ಲೈಟ್ ಸ್ವಿಚ್ಚಿಗಿಂತ ಜಾಸ್ತಿ ಬುದ್ಧಿ ಅದಕ್ಕಿಲ್ಲ. ಈಚಿನ ಗಾಡಿಗಳಲ್ಲಿ ಇರುವುದು ನಿಜವಾದ ಸೆನ್ಸರ್: ಮೂರು ವೈರು, 5 ವೋಲ್ಟ್ ಕೊಟ್ಟರೆ ಒತ್ತಡಕ್ಕೆ ತಕ್ಕಂತೆ ವೋಲ್ಟೇಜ್ ವಾಪಸ್ ಕಳಿಸುತ್ತದೆ, ಕಂಪ್ಯೂಟರ್ ಓದಿಕೊಳ್ಳುತ್ತದೆ.

ನಿಮ್ಮ ಎಣ್ಣೆ ಹನಿಗೂ ದೀಪಕ್ಕೂ ಸಂಬಂಧ ಇರಬಹುದು. ಆ ಪರದೆ ಹಳತಾಗಿ ಬಿರುಕು ಬಿಟ್ಟರೆ ಎಣ್ಣೆ ಸ್ವಿಚ್ಚಿನ ಹೊಟ್ಟೆಯೊಳಗೇ ಹೊಕ್ಕು ಕನೆಕ್ಟರ್ ಕಡೆಯಿಂದ ಹೊರಗೆ ಬರುತ್ತದೆ. ಕನೆಕ್ಟರ್ ಬಿಚ್ಚಿ ಒಳಗೆ ನೋಡಿ. ಅಲ್ಲಿ ಎಣ್ಣೆ ಇದ್ದರೆ ಸ್ವಿಚ್ ಹೋಗಿದೆ, ವಾದವೇ ಇಲ್ಲ.

ಬೆಣ್ಣೆದೋಸೆ_ಮಿಶಿಗನ್ (ಮಂಗಳವಾರ ರಾತ್ರಿ)

ಮೇಷ್ಟ್ರೇ, ನಿಮ್ಮ ಕಾಲಿಗೆ ಬಿದ್ದೆ.

ಮುಂದಿನ ಚಕ್ರಗಳನ್ನು ರ‍್ಯಾಂಪ್ ಮೇಲೆ ಹತ್ತಿಸಿ ಕೆಳಗೆ ಮಲಗಿದೆ. ರೇಡಿಯೇಟರ್ ಕಡೆ ಮುಖ ಮಾಡಿ, ಕೆಳಭಾಗದಲ್ಲಿ ಆಯಿಲ್ ಫಿಲ್ಟರ್ ಪಕ್ಕದಲ್ಲೇ ಇದೆ. ಹೆಬ್ಬೆರಳು ಗಾತ್ರದ್ದು. ಕನೆಕ್ಟರ್‌ನ ಲಾಕ್ ಒತ್ತಿ ಎಳೆದೆ, ಬಾಟಲಿ ಬಿರಡೆ ತೆಗೆದ ಹಾಗೆ ಪುಸಕ್ ಅಂತ ಬಂತು. ಒಳಗಿಂದ ಎರಡು ಹನಿ ಎಣ್ಣೆ ನನ್ನ ಕೆನ್ನೆ ಮೇಲೆ. ರಬ್ಬರ್ ಸೀಲ್ ಉಬ್ಬಿ ಮೆತ್ತಗಾಗಿದೆ. ಟಿಶ್ಯೂ ತುದಿ ಸುರುಳಿ ಮಾಡಿ ಒಳಗೆ ತೂರಿಸಿದರೆ ಪೂರ್ತಿ ಕಪ್ಪಾಗಿ ಬಂತು. ಫಿಲ್ಟರ್ ಮಾತ್ರ ಒಣಗಿದೆ.

ಅಂದರೆ ಸ್ವಿಚ್ಚೇ ಅಪರಾಧಿ. ಶನಿವಾರ ಬದಲಿಸುತ್ತೇನೆ.

ಪಾನಾ_ಹುಬ್ಬಳ್ಳಿ

ಸೋರುವುದಕ್ಕೆ ಸ್ವಿಚ್ ಅಪರಾಧಿ, ಒಪ್ಪಿದೆ. ದೀಪಕ್ಕೂ ಅದೇ ಅಪರಾಧಿ ಅಂತ ಇನ್ನೂ ಸಾಬೀತಾಗಿಲ್ಲ. ಹಳೆ ಸ್ವಿಚ್ ಬಿಚ್ಚಿದಾಗ ಆ ತೂತು ಖಾಲಿ ಇರುತ್ತದೆ. ಅದೇ ತೂತಿಗೆ ಮೀಟರ್ ಗೇಜ್ ಹಾಕಿ ಒತ್ತಡ ಅಳೆದುಬಿಡ್ರಿ. ಹೆಚ್ಚೆಂದರೆ ಇಪ್ಪತ್ತು ನಿಮಿಷ ಜಾಸ್ತಿ. ನಿಮ್ಮಲ್ಲಿ ಬಿಡಿಭಾಗದ ಅಂಗಡಿಯವರು ಠೇವಣಿ ಇಟ್ಟುಕೊಂಡು ಗೇಜ್ ಕಿಟ್ ಎರವಲು ಕೊಡುತ್ತಾರಂತೆ, ನಮ್ಮಲ್ಲಿ ಆ ಭಾಗ್ಯ ಇಲ್ಲ. ನಿಮ್ಮ ಇಂಜಿನ್‌ಗೆ ಐಡ್ಲಿಂಗ್‌ನಲ್ಲಿ ಕನಿಷ್ಠ 5 ಪಿಎಸ್‌ಐ (ಒತ್ತಡದ ಅಳತೆ), 3,000 ಆರ್‌ಪಿಎಂಗೆ (ನಿಮಿಷಕ್ಕೆ ಇಂಜಿನ್ ಸುತ್ತು) 30ರಿಂದ 80ರ ನಡುವೆ ಇರಬೇಕು. ಇಂಜಿನ್ ಬಿಸಿ ಇರುವಾಗಲೇ ಅಳೆಯಿರಿ, ತಣ್ಣಗಿದ್ದರೆ ಎಲ್ಲ ಇಂಜಿನ್ನೂ ಚೆನ್ನಾಗಿಯೇ ತೋರಿಸುತ್ತದೆ.

ಟೊರೊಂಟೊ_ಟೀಕಾಚಾರ್ಯ

ಇಷ್ಟೆಲ್ಲ ಯಾಕ್ರೀ? 20ಡಬ್ಲ್ಯು-50 ಗಟ್ಟಿ ಎಣ್ಣೆ ಹಾಕಿ. ದೀಪ ಬಂದ್. ಊರಲ್ಲಿ ನಮ್ಮ ಮಾವ ಹಾಗೇ ಮಾಡುತ್ತಿದ್ದರು, ಹತ್ತು ವರ್ಷ ಓಡಿತು.

ಪಾನಾ_ಹುಬ್ಬಳ್ಳಿ

ನಿಮ್ಮ ಮಾವ ಗಾಡಿ ಮಾರುವ ವ್ಯಾಪಾರ ಮಾಡುತ್ತಿದ್ದರಾ ಸರ್? ಸುಮ್ನೆ ಕೇಳಿದೆ. ಹಳೇ ಗಾಡಿ ದಾಟಿಸುವವರು ಮಾಡುವ ಮೊದಲ ಕೆಲಸವೇ ಅದು. ಎರಡನೆಯದು ಇನ್ನೂ ಚಂದ: ಆಯಿಲ್ ದೀಪದ ವೈರನ್ನು ಚಾರ್ಜಿಂಗ್ ದೀಪದ ವೈರಿಗೆ ಸೇರಿಸಿಬಿಡುತ್ತಾರೆ. ಕೀ ತಿರುಗಿಸಿದರೆ ಎರಡೂ ಹತ್ತುತ್ತವೆ, ಸ್ಟಾರ್ಟ್ ಆದರೆ ಎರಡೂ ಆರುತ್ತವೆ. ನೋಡುವವನಿಗೆ ಎಲ್ಲ ಸರಿ. ಇಂಜಿನ್‌ನಲ್ಲಿ ಎಣ್ಣೆ ಒಂದು ತೊಟ್ಟು ಇಲ್ಲದಿದ್ದರೂ ದೀಪ ಹತ್ತುವುದಿಲ್ಲ.

ಅದಕ್ಕೆ ಸೆಕೆಂಡ್ ಹ್ಯಾಂಡ್ ಗಾಡಿ ನೋಡುವಾಗ ನಾನು ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡುತ್ತೇನೆ. ಕೆಂಪು ದೀಪ ಹತ್ತಲೇಬೇಕು. ಹತ್ತದಿದ್ದರೆ ಯಾರೋ ಬಲ್ಬ್ ಕಿತ್ತಿದ್ದಾರೆ, ಇಲ್ಲವೇ ವೈರ್ ಬಿಚ್ಚಿದ್ದಾರೆ. ಹತ್ತಿದರೆ, ಬಾನೆಟ್ ಎತ್ತಿ ಸ್ವಿಚ್ಚಿನ ವೈರ್ ಎಳೆದು ನೋಡುತ್ತೇನೆ. ಹಳೆಯ ಸಾದಾ ವೈರಿಂಗ್ ಗಾಡಿಯಾದರೆ ದೀಪ ಆರಬೇಕು. ಆರದಿದ್ದರೆ ಅವನಿಗೊಂದು ಕೈ ಮುಗಿದು ಬರುತ್ತೇನೆ.

ಗಟ್ಟಿ ಎಣ್ಣೆ ಮಿಶಿಗನ್ ಚಳಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಕ್ಕೆ ಹೋಗುವುದಕ್ಕೇ ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಲೋಹಕ್ಕೆ ಲೋಹ ಉಜ್ಜುತ್ತಿರುತ್ತದೆ.

ಟೊರೊಂಟೊ_ಟೀಕಾಚಾರ್ಯ

ಮಾವ ಅಡಿಕೆ ವ್ಯಾಪಾರ ಮಾಡುತ್ತಿದ್ದರು. ಗಾಡಿ ಮಾರಿದ್ದೂ ನಿಜ. ಸುಮ್ಮನಾಗುತ್ತೇನೆ.

ಕೊಡಗಿನಕ್ಕ_ವಿಂಡ್ಸರ್

ಬೆಣ್ಣೆದೋಸೆಯವರೇ, ನಿಮ್ಮದು ಪುಣ್ಯದ ಇಂಜಿನ್. ಕೆಳಗೆ ಮಲಗಿದರೆ ಕಣ್ಣಿಗೆ ಕಾಣುತ್ತದೆ! ನನ್ನದು 2014ರ ಗ್ರ್ಯಾಂಡ್ ಕ್ಯಾರವಾನ್, 3.6 ಪೆಂಟಾಸ್ಟಾರ್ ಇಂಜಿನ್. ನಮ್ಮೂರಲ್ಲೇ ತಯಾರಾದ ಗಾಡಿ, ಆ ಕಾರ್ಖಾನೆ ಮನೆಯಿಂದ ಹದಿನೈದು ನಿಮಿಷ. ಅದರಲ್ಲಿ ಸೆನ್ಸರ್ ಇರುವುದು ಇಂಜಿನ್‌ನ ಎರಡು ಸಾಲು ಸಿಲಿಂಡರ್‌ಗಳ ನಡುವಿನ ಕಣಿವೆಯಲ್ಲಿ, ಆಯಿಲ್ ಫಿಲ್ಟರ್ ಗೂಡಿನ ಹತ್ತಿರ, ಇಂಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ. ಚೆಕ್ ಇಂಜಿನ್ ದೀಪ ಬಂತು, ಸ್ಕ್ಯಾನರ್ ಹಾಕಿದರೆ ಪಿ0520 ಕೋಡ್. ಸೆನ್ಸರ್ ಸರ್ಕ್ಯೂಟ್ ಅಂತ.

ಸಣ್ಣ ಕೆಲಸ ಅಂದುಕೊಂಡು ಶುರು ಮಾಡಿದೆ. ಏಳು ಗಂಟೆ ಹಿಡಿಯಿತು. ಮೇಲಿನ ಮ್ಯಾನಿಫೋಲ್ಡ್ ತೆಗಿ, ಫ್ಯೂಯೆಲ್ ಒತ್ತಡ ಇಳಿಸು, ಫ್ಯೂಯೆಲ್ ರೈಲ್ ಸಮೇತ ಕೆಳಗಿನ ಮ್ಯಾನಿಫೋಲ್ಡ್ ತೆಗಿ. ಆಮೇಲೆ ತೆರೆದುಕೊಳ್ಳುವ ಆರು ಬಾಯಿಗಳನ್ನು ಕಂಡು ಎದೆ ಧಸಕ್ ಅಂತು. ಒಂದು ಬೋಲ್ಟ್ ಒಳಗೆ ಬಿದ್ದರೆ ಮುಗಿಯಿತು. ಪ್ರತಿಯೊಂದಕ್ಕೂ ಹಳೆ ಪಂಚೆ ತುಂಡು ತುರುಕಿದೆ, ಎಷ್ಟು ತುಂಡು ಅಂತ ಕೈ ಮೇಲೆ ಬರೆದುಕೊಂಡೆ, ತೆಗೆಯುವಾಗ ಎಣಿಸಿದೆ. ಗ್ಯಾಸ್ಕೆಟ್ ಹೊಸದು ಹಾಕಿದೆ. ಅಷ್ಟು ಬಿಚ್ಚಿದ ಮೇಲೆ 30 ಡಾಲರ್ ಉಳಿಸಲು ಅಗ್ಗದ ಸೆನ್ಸರ್ ಹಾಕಬೇಡಿ. ನಾನು ಹಾಕಿದೆ. ಮೂರೇ ತಿಂಗಳು. ಎರಡನೇ ಸಲ ಐದು ಗಂಟೆಯಲ್ಲಿ ಮುಗಿಸಿದೆ, ಅಷ್ಟೇ ಸಮಾಧಾನ.

ಬೆಣ್ಣೆದೋಸೆ_ಮಿಶಿಗನ್

ಅಕ್ಕಾ, ಓದಿಯೇ ಸುಸ್ತಾಯಿತು. ಕಂಪನಿ ಸ್ವಿಚ್ಚೇ ತರುತ್ತೇನೆ.

ಒಂದು ಸಂಶಯ. ಸ್ವಿಚ್ಚಿನ ಥ್ರೆಡ್‌ಗೆ, ಅಂದರೆ ತಿರುಪಿನ ಎಳೆಗೆ, ಟೆಫ್ಲಾನ್ ಟೇಪ್ ಸುತ್ತಬೇಕಾ? ವಿಡಿಯೋದಲ್ಲಿ ಒಬ್ಬ ಸುತ್ತು ಅಂತಾನೆ, ಇನ್ನೊಬ್ಬ ಸುತ್ತಿದರೆ ಕೈ ಕಡಿ ಅಂತಾನೆ.

ಮೇಷ್ಟ್ರು_ಮಂಡ್ಯ

ಕಡಿಯುವಷ್ಟಿಲ್ಲ. ಒಂದೇ ವೈರಿನ ಸ್ವಿಚ್ ಅರ್ಥ್ ಆಗುವುದು ಥ್ರೆಡ್ ಮೂಲಕ. ಟೇಪ್ ದಪ್ಪಗೆ ಸುತ್ತಿದರೆ ಅರ್ಥ್ ಸರಿಯಾಗಿ ಸಿಗದೇ ಹೋಗಬಹುದು. ಆಗ ಒತ್ತಡ ಬಿದ್ದರೂ ದೀಪ ಹತ್ತುವುದಿಲ್ಲ, ಅದೇ ನಿಜವಾದ ಅಪಾಯ. ಇನ್ನೊಂದು, ಟೇಪಿನ ಚೂರು ಕಿತ್ತು ಎಣ್ಣೆ ದಾರಿಗೆ ಹೋಗಬಾರದು. ಹೊಸ ಸ್ವಿಚ್ಚಿನ ಥ್ರೆಡ್ ಮೇಲೆ ಬಣ್ಣ ಬಳಿದ ಹಾಗೆ ಒಣಗಿದ ಸೀಲಂಟ್ ಇದ್ದರೆ ಏನೂ ಬೇಡ, ಹಾಗೇ ಹಾಕಿ. ಇಲ್ಲದಿದ್ದರೆ ದ್ರವ ಥ್ರೆಡ್ ಸೀಲಂಟ್ ತೆಳ್ಳಗೆ ಹಚ್ಚಿ, ತುದಿಯ ಒಂದೆರಡು ಸುತ್ತು ಬಿಟ್ಟು.

ಪಾನಾ_ಹುಬ್ಬಳ್ಳಿ

ಅದು ಟೇಪರ್ ಥ್ರೆಡ್, ಒಳಗೆ ಹೋದಂತೆ ದಪ್ಪ. ಹಿತ್ತಾಳೆ ನಲ್ಲಿ ಹಾಕಿದ ಹಾಗೆ "ಇನ್ನೊಂದು ಸುತ್ತು, ಇನ್ನೊಂದು ಸುತ್ತು" ಅಂತ ಬಿಗಿಯಬೇಡ್ರಿ. ಗೂಡು ಸೀಳುತ್ತದೆ. ಮೊದಲು ಕೈಯಲ್ಲೇ ತಿರುಗಿಸಿ, ಸರಾಗ ಹೋಗದಿದ್ದರೆ ವಾರೆ ಹತ್ತಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಹಾಕಿ. ಕೈಗೆ ನಿಂತ ಮೇಲೆ ಸಾಕೆಟ್‌ನಲ್ಲಿ ಹಿತವಾಗಿ ಬಿಗಿ.

ಬೆಣ್ಣೆದೋಸೆ_ಮಿಶಿಗನ್ (ಶನಿವಾರ ಸಂಜೆ)

ಆಯಿತು! ಉದ್ದ ಬರೆಯುತ್ತೇನೆ, ಬೈಯಬೇಡಿ.

ಬೆಳಿಗ್ಗೆ ಮಗನನ್ನು ಎಬ್ಬಿಸಿ ಟಾರ್ಚ್ ಹಿಡಿಯುವ ಕೆಲಸಕ್ಕೆ ಹಾಕಿದೆ. ಅವನು ಬೆಳಕನ್ನು ಸ್ವಿಚ್ ಬಿಟ್ಟು ಎಲ್ಲ ಕಡೆ ಬಿಟ್ಟ, ಹೆಚ್ಚಾಗಿ ನನ್ನ ಕಣ್ಣಿಗೆ. ದಾವಣಗೆರೆಯಿಂದ ಅಪ್ಪ ವಿಡಿಯೋ ಕಾಲ್‌ನಲ್ಲಿ ಕೂತರು. ಅವರು ಟೆಂಪೋ ಮ್ಯಾಟಡೋರ್ ಓಡಿಸಿದವರು. "ಜ್ಯಾಕ್ ನಂಬಿ ಕೆಳಗೆ ಹೋಗಬೇಡ" ಅಂತ ಐದು ಸಲ ಹೇಳಿದರು. ರ‍್ಯಾಂಪ್ ತೋರಿಸಿದೆ, ಹಿಂದಿನ ಚಕ್ರಕ್ಕೆ ಒಟ್ಟು ಕೊಟ್ಟಿದ್ದನ್ನು ತೋರಿಸಿದೆ, ಹ್ಯಾಂಡ್‌ಬ್ರೇಕ್ ತೋರಿಸಿದೆ. ಆಮೇಲೆ ಒಪ್ಪಿಗೆ ಸಿಕ್ಕಿತು.

ಇಂಜಿನ್ ಉಗುರು ಬೆಚ್ಚಗಿತ್ತು. ಸಾದಾ ಪಾನಾ ಕೂರುವುದಿಲ್ಲ, ಜಾಗ ಇಲ್ಲ. ಇದಕ್ಕೇ ಅಂತ ಉದ್ದದ ಸಾಕೆಟ್ ಬರುತ್ತದೆ, 1 1/16 ಇಂಚು, ಸುಮಾರು 27 ಎಂಎಂ. ಅದನ್ನೂ ಗೇಜ್ ಜೊತೆಗೇ ಎರವಲು ತಂದಿದ್ದೆ. ಎಣ್ಣೆ ಡ್ರೇನ್ ಮಾಡಬೇಕಾಗಿಲ್ಲ. ಕೆಳಗೆ ಟ್ರೇ ಇಟ್ಟು ಸಾಕೆಟ್ ಹಾಕಿ ಒಂದು ಎಳೆತ ಎಳೆದೆ. ಅಲುಗಲಿಲ್ಲ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಗಾಡಿಯ ಹೊಟ್ಟೆಯೆಲ್ಲ ತುಕ್ಕು. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಕಾಫಿ ಕುಡಿದು ಬಂದೆ. ಎರಡನೇ ಎಳೆತಕ್ಕೆ ಕಿರ್ರ್ ಅಂದು ಬಿಟ್ಟಿತು. ಬಿಚ್ಚಿದಾಗ ಬಿದ್ದ ಎಣ್ಣೆ ಒಂದು ಲೋಟ ಕಾಫಿಯಷ್ಟೂ ಇಲ್ಲ. ಆದರೆ ಅದರಲ್ಲಿ ಅರ್ಧ ನನ್ನ ತೋಳಿನ ಒಳಗೆ ಮೊಣಕೈವರೆಗೆ ಇಳಿಯಿತು. ಬಿಗಿ ತೋಳಿನ ಅಂಗಿ ಹಾಕಿ, ಯಾರೂ ಇದನ್ನು ಹೇಳಲಿಲ್ಲ ನನಗೆ.

ಆ ತೂತಿಗೆ ಗೇಜ್ ಹಾಕಿದೆ. ಅದರ ರಬ್ಬರ್ ಪೈಪು ಬೆಲ್ಟಿಗೂ ಸೈಲೆನ್ಸರ್ ಪೈಪಿಗೂ ತಾಗದ ಹಾಗೆ ಕಟ್ಟಿ, ಮೇಲಕ್ಕೆ ತಂದು ಸ್ಟಾರ್ಟ್ ಮಾಡಿದೆ. ಕಾಲು ಗಂಟೆ ಬಿಟ್ಟು, ರೇಡಿಯೇಟರ್ ಫ್ಯಾನ್ ಒಂದು ಸಲ ಓಡುವವರೆಗೆ ಕಾದೆ.

ಐಡ್ಲಿಂಗ್‌ನಲ್ಲಿ 13 ಪಿಎಸ್‌ಐ. ಹೆಂಡತಿ ಆಕ್ಸಿಲರೇಟರ್ ಒತ್ತಿ 3,000ಕ್ಕೆ ನಿಲ್ಲಿಸಿದಳು, 47. ಮುಳ್ಳು ನಡುಗಲಿಲ್ಲ. ಅಪ್ಪ "ಫೋನನ್ನು ಇಂಜಿನ್ ಹತ್ತಿರ ಹಿಡಿ" ಅಂದರು. ಕೇಳಿ, "ಒಳಗೆ ಬಡಿಯೋ ಸದ್ದಿಲ್ಲ, ಚೆನ್ನಾಗೈತೆ" ಅಂದರು. ಸಾವಿರಾರು ಮೈಲಿ ದೂರದಿಂದ ಫೋನಿನಲ್ಲಿ ಏನು ಕೇಳಿಸಿತೋ ದೇವರಿಗೇ ಗೊತ್ತು, ನನಗೆ ಮಾತ್ರ ಗೇಜಿಗಿಂತ ಆ ಮಾತೇ ಜಾಸ್ತಿ ಧೈರ್ಯ ಕೊಟ್ಟಿತು.

ಆಫ್ ಮಾಡಿ, ಮತ್ತೆ ಆರುವವರೆಗೆ ಊಟ. ಗೇಜ್ ಬಿಚ್ಚಿ ಹೊಸ ಸ್ವಿಚ್ ಕೈಯಲ್ಲೇ ಕೂರಿಸಿದೆ. ಮೊದಲ ಸಲ ವಾರೆ ಹತ್ತಿತು, ಪಾನಾ ಅಣ್ಣನ ಮಾತು ನೆನಪಾಗಿ ಬಿಚ್ಚಿದೆ. ಎರಡನೇ ಸಲ ಬೆಣ್ಣೆಯ ಹಾಗೆ ಹೋಯಿತು. ಕನೆಕ್ಟರ್ ಒಳಗಿನ ಎಣ್ಣೆಯನ್ನು ಎಲೆಕ್ಟ್ರಿಕಲ್ ಕ್ಲೀನರ್ ಸ್ಪ್ರೇ ಹೊಡೆದು ಮೂರು ಸಲ ತೊಳೆದು ಒಣಗಿಸಿ ಸಿಕ್ಕಿಸಿದೆ.

ಹಳೇ ಸ್ವಿಚ್ಚನ್ನು ಬಿಸಾಡುವ ಮೊದಲು ಮಗನಿಗೆ ಮಲ್ಟಿಮೀಟರ್ ಕೊಟ್ಟೆ. ಒಂದು ಕಡ್ಡಿ ಟರ್ಮಿನಲ್‌ಗೆ, ಒಂದು ಥ್ರೆಡ್‌ಗೆ. ಒತ್ತಡ ಇಲ್ಲದಿರುವಾಗ ಬೀಪ್ ಬರಬೇಕಲ್ಲ, ಬಂತು. ಅಲುಗಾಡಿಸಿದರೆ ಬೀಪ್ ಬಿಟ್ಟು ಬಿಟ್ಟು ಬಂತು. ಒಳಗೆ ಎಣ್ಣೆ ಗುಳುಗುಳು.

ಸ್ಟಾರ್ಟ್ ಮಾಡಿದಾಗ ದೀಪ ಎರಡು ಸೆಕೆಂಡಿನಲ್ಲಿ ಆರಿತು. ಒಂದು ಗಂಟೆ ಓಡಿಸಿದೆ, ಬೇಕೆಂದೇ ಎಲ್ಲ ಕೆಂಪು ಸಿಗ್ನಲ್ ಇರುವ ರಸ್ತೆಯಲ್ಲಿ. ಒಂದು ಸಲವೂ ಮಿಣುಕಲಿಲ್ಲ.

ಪಾನಾ_ಹುಬ್ಬಳ್ಳಿ

13 ಅಂದರೆ ಆ ವಯಸ್ಸಿನ ಇಂಜಿನ್‌ಗೆ ಬಹಳ ಚಲೋ. ಆ ಎರಡು ಅಂಕಿಗಳನ್ನು ತಾರೀಕು ಸಮೇತ ಬರೆದಿಡ್ರಿ. ಮುಂದೆ ಯಾರಾದರೂ "ಇಂಜಿನ್ ಹೋಗಿದೆ" ಅಂದರೆ ತೋರಿಸಲಿಕ್ಕೆ ಬರುತ್ತದೆ. ಒಂದು ವಾರ ದಿನಾ ಕಡ್ಡಿ ನೋಡ್ರಿ, ಸ್ವಿಚ್ ಬುಡಕ್ಕೆ ಟಿಶ್ಯೂ ಒತ್ತಿ ನೋಡ್ರಿ.

ಶಿರಸಿ_ಆಮ್ನಿ

ಪಾನಾ ಅಣ್ಣಾ, ನನ್ನದೊಂದು ಕೇಳ್ವಿ. ಬೆಂಗಳೂರಲ್ಲಿರುವ ತಮ್ಮ ಆನ್‌ಲೈನ್‌ನಲ್ಲಿ ಆಯಿಲ್ ಪ್ರೆಷರ್ ಗೇಜ್ ಕೊಂಡಿದ್ದಾನೆ, ಅದರ ಮೇಲೆ 1/8 ಎನ್‌ಪಿಟಿ ಅಂತ ಇದೆ. ಆಮ್ನಿಗೆ ಹಾಕಿ ಅಳೆಯಬಹುದಾ?

ಪಾನಾ_ಹುಬ್ಬಳ್ಳಿ

ನಿಲ್ಲಿ, ಹಾಕಬೇಡ್ರಿ! ಆಮ್ನಿಯಂಥ ಜಪಾನಿ ಇಂಜಿನ್‌ಗಳಲ್ಲಿ ಬರುವುದು 1/8 ಪಿಟಿ ಥ್ರೆಡ್, ಅದಕ್ಕೇ ಬಿಎಸ್‌ಪಿಟಿ ಅಂತಲೂ ಅನ್ನುತ್ತಾರೆ. ಇಂಚಿಗೆ 28 ಎಳೆ. ಅಮೆರಿಕದ ಎನ್‌ಪಿಟಿ ಇಂಚಿಗೆ 27 ಎಳೆ. ಮೊದಲ ಎರಡು ಸುತ್ತು ಚೆನ್ನಾಗಿಯೇ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. "ಕೂತಿತು" ಅಂದುಕೊಂಡು ಒತ್ತಿದರೆ ಬ್ಲಾಕಿನ ಥ್ರೆಡ್ ಹಾಳು. ಬಿಡಿಭಾಗದ ಅಂಗಡಿಗೆ ಹಳೇ ಸ್ವಿಚ್ಚನ್ನೇ ಒಯ್ದು, ಅದಕ್ಕೆ ಸರಿಹೋಗುವ ಅಡಾಪ್ಟರ್ ಕೇಳ್ರಿ. ಹೋಗುವಾಗ ಆ ಅಂಗಡಿಯವನಿಗೇ ಒಂದು ಚಹಾ ಕುಡಿಸಿರಿ.

ಶಿರಸಿ_ಆಮ್ನಿ

ಬೇರೆ ಅಂಗಡಿ ಇದೆ ಅಣ್ಣಾ.

ಬೆಣ್ಣೆದೋಸೆ_ಮಿಶಿಗನ್ (ಎರಡು ವಾರದ ನಂತರ)

ವರದಿ. ದೀಪ ಇಲ್ಲ. ಕಡ್ಡಿಯಲ್ಲಿ ಎಣ್ಣೆ ಇದ್ದಲ್ಲೇ ಇದೆ. ಸ್ವಿಚ್ ಬುಡ ಒಣಗಿದೆ.

ಹೊಸ ರಟ್ಟು ಹಾಸಿದ್ದೆ. ಹತ್ತು ದಿನ ಚೊಕ್ಕಟ. ನಿನ್ನೆ ಒಂದು ಹನಿ ಬಿದ್ದಿದೆ. ಈ ಸಲ ಡ್ರೈವರ್ ಕಡೆ ಅಲ್ಲ, ಇನ್ನೊಂದು ಪಕ್ಕ. ಕಪ್ಪಲ್ಲ, ಸ್ವಲ್ಪ ಕೆಂಪು. ಬೆರಳಲ್ಲಿ ಉಜ್ಜಿದರೆ ಎಣ್ಣೆಗಿಂತ ತೆಳು.

ಪಾನಾ_ಹುಬ್ಬಳ್ಳಿ

ಕೆಂಪು ಅಂದರೆ ಇಂಜಿನ್ ಆಯಿಲ್ ಅಲ್ಲ ಸರ್. ಗೇರ್‌ಬಾಕ್ಸಿನದು, ಇಲ್ಲವೇ ಪವರ್ ಸ್ಟೀರಿಂಗಿನದು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಗುಂಯ್ ಅನ್ನುತ್ತದಾ?

ಬೆಣ್ಣೆದೋಸೆ_ಮಿಶಿಗನ್

ಅನ್ನುತ್ತದೆ.

ಪಾನಾ_ಹುಬ್ಬಳ್ಳಿ

ಹಾಗಿದ್ದರೆ ಆ ಬಿಗಿ ತೋಳಿನ ಅಂಗಿ ಒಗೆಯಲಿಕ್ಕೆ ಹಾಕಬೇಡ್ರಿ. ಹೊಸ ಚರ್ಚೆ ಶುರು ಮಾಡಿ, ಅಲ್ಲಿ ಸಿಗೋಣ.